ಹನ್ನೊಂದನೇ ಕಡ್ಡಿ

2023ರ ಜೂನ್‌ನಲ್ಲಿ ನಾನು ಪಿಎಚ್‌ಡಿಯ ಕ್ವಾಲಿಫೈಯಿಂಗ್ ಪರೀಕ್ಷೆಯಲ್ಲಿ ಫೇಲಾದೆ. ಎರಡು ಪೇಪರ್ ಇದ್ದವು. ಒಂದು ಪಾಸಾಯಿತು, ಥರ್ಮೊಡೈನಮಿಕ್ಸ್ ಹೋಯಿತು. ನಮ್ಮ ವಿಭಾಗದಲ್ಲಿ ಸಿಗುವುದು ಎರಡೇ ಅವಕಾಶ. ಇನ್ನೊಂದು ಸಲವೂ ಹೋದರೆ ತೈಪೆಯ ಹಾಸ್ಟೆಲ್ ರೂಮು ಖಾಲಿ ಮಾಡಿ ಗಂಟುಮೂಟೆ ಕಟ್ಟಬೇಕು. ಮುಂದಿನ ಪರೀಕ್ಷೆ ಜನವರಿಯಲ್ಲಿತ್ತು.

ಮನೆಯಲ್ಲಿ ಹೇಳಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಿಂದ ಅಮ್ಮ ದಿನಾ ರಾತ್ರಿ ಫೋನ್ ಮಾಡುತ್ತಿದ್ದಳು. ಅಲ್ಲಿ ಎಂಟು ಗಂಟೆ ಅಂದರೆ ತೈವಾನಿನಲ್ಲಿ ಹತ್ತೂವರೆ. "ಓದು ಹೇಗೆ ನಡೀತಿದೆ ಮಗಾ?" ಅಂತ ಕೇಳುತ್ತಿದ್ದಳು. "ಚೆನ್ನಾಗಿ ನಡೀತಿದೆ ಅಮ್ಮ" ಅನ್ನುತ್ತಿದ್ದೆ. ಫೋನ್ ಇಟ್ಟು ಹನ್ನೊಂದಕ್ಕೆ ಪುಸ್ತಕ ತೆರೆದರೆ ಬೆಳಗಿನ ಜಾವ ನಾಲ್ಕು, ಕೆಲವು ದಿನ ಐದು. ಆಮೇಲೆ ಮಲಗಿ, ಹತ್ತು ಗಂಟೆಗೆ ಕಣ್ಣುಜ್ಜಿಕೊಂಡು ಲ್ಯಾಬಿಗೆ ಓಡುವುದು. ಐದು ತಿಂಗಳು ಹೀಗೇ ಕಳೆಯಿತು. ನೋಟ್‌ಬುಕ್ಕುಗಳು ತುಂಬುತ್ತಿದ್ದವು. ತಲೆಯಲ್ಲಿ ಮಾತ್ರ ಏನೂ ನಿಲ್ಲುತ್ತಿರಲಿಲ್ಲ.

ಇದನ್ನು ಮೊದಲು ಗಮನಿಸಿದ್ದು ನಮ್ಮ ಲ್ಯಾಬಿನ ಶ್ಯೂಜಿಯೆ. ಅದು ಅವಳ ಹೆಸರಲ್ಲ. ನಮಗಿಂತ ಮುಂದಿನ ವರ್ಷದಲ್ಲಿ ಓದುವ ಹುಡುಗಿಯನ್ನು ಅಲ್ಲಿ ಹಾಗೆ ಕರೆಯುತ್ತಾರೆ. 'ಓದಿನ ಅಕ್ಕ' ಅಂತ ಅರ್ಥ. ನವೆಂಬರ್‌ನ ಒಂದು ಶನಿವಾರ ಅವಳು ನನ್ನ ಮೇಜಿನ ಹತ್ತಿರ ಬಂದು, "ನಾಳೆ ಬೆಳಿಗ್ಗೆ ವೆನ್‌ಚಾಂಗ್ ಹತ್ರ ಹೋಗೋಣ. ಪೇಟೆಯಿಂದ ಈರುಳ್ಳಿ ಸೊಪ್ಪು ತಗೋಬೇಕು, ಸ್ವಲ್ಪ ಬೇಗ ಬಾ" ಅಂದಳು.

ವೆನ್‌ಚಾಂಗ್ ಅಂದರೆ ಚೀನೀ ಜನರ ವಿದ್ಯೆಯ ದೇವರು. ಸಪ್ತರ್ಷಿ ಮಂಡಲದ ಹತ್ತಿರದ ಒಂದು ನಕ್ಷತ್ರ ಗುಂಪಿಗೂ ಅದೇ ಹೆಸರಿದೆ. ಸಿಚುವಾನ್ ಪ್ರಾಂತ್ಯದ ತ್ಸುತೊಂಗ್ ಅನ್ನುವ ಊರಿನ ದೇವರೊಂದು ಕಾಲಕ್ರಮದಲ್ಲಿ ಆ ನಕ್ಷತ್ರದ ಜೊತೆ ಸೇರಿಕೊಂಡಿತು. 1316ರಲ್ಲಿ ಯುವಾನ್ ವಂಶದ ಚಕ್ರವರ್ತಿ ಅದಕ್ಕೆ ದೊಡ್ಡ ಬಿರುದು ಕೊಟ್ಟ. ಸರಕಾರಿ ಹುದ್ದೆಗೆ ಪರೀಕ್ಷೆ ಬರೆಯುವವರೆಲ್ಲ ಅವನಿಗೆ ಕೈಮುಗಿಯುತ್ತಿದ್ದರು. ಆ ಹಳೆಯ ಪರೀಕ್ಷೆ ಚೀನಾದಲ್ಲಿ 1905ರಲ್ಲೇ ನಿಂತುಹೋಯಿತು. ವೆನ್‌ಚಾಂಗನಿಗೆ ಕೆಲಸ ಮಾತ್ರ ಕಡಿಮೆಯಾಗಿಲ್ಲ. ತೈವಾನಿನಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳು ಜನವರಿಯಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಅವನ ಮುಂದಿನ ಮೇಜು ಖಾಲಿ ಇರುವುದೇ ಇಲ್ಲ.

ಆ ಮೇಜಿನ ಮೇಲೆ ಇಡುವುದು ಹೆಚ್ಚಾಗಿ ತರಕಾರಿ. ಈರುಳ್ಳಿ ಸೊಪ್ಪಿಗೆ ಅವರ ಮಾತಿನಲ್ಲಿ 'ತ್ಸೋಂಗ್', ಜಾಣತನಕ್ಕೂ 'ತ್ಸೋಂಗ್'. ಸೆಲರಿ ಸೊಪ್ಪಿಗೆ 'ಚಿನ್', ಶ್ರಮಪಟ್ಟು ಮಾಡುವುದಕ್ಕೂ 'ಚಿನ್'. ಬೆಳ್ಳುಳ್ಳಿಯ ಹೆಸರು ಲೆಕ್ಕ ಮಾಡುವುದಕ್ಕೆ ಹೊಂದುತ್ತದೆ, ಮೂಲಂಗಿಯದು ಶುಭ ಸೂಚನೆಗೆ. ಬಿದಿರೆಲೆಯಲ್ಲಿ ಅಂಟಕ್ಕಿ ತುಂಬಿ ಬೇಯಿಸುವ ಜೊಂಗ್‌ಜ ಅನ್ನುವ ಕಡುಬು ಇದೆ. ನಮ್ಮ ಕೊಟ್ಟೆ ಕಡುಬನ್ನು ನೆನಪಿಸುತ್ತದೆ. ಅದನ್ನು ಕಟ್ಟುವುದಕ್ಕೆ ಹೇಳುವ ಮಾತು, ಪಾಸಾಗುವುದು ಖಂಡಿತ ಅನ್ನುವ ಮಾತು, ಎರಡೂ ಕಿವಿಗೆ ಒಂದೇ ಥರ ಕೇಳುತ್ತವೆ. ಶ್ಯೂಜಿಯೆ ಪೇಟೆಯಲ್ಲಿ ಒಂದೊಂದನ್ನೇ ಆರಿಸುತ್ತಾ ಇದನ್ನೆಲ್ಲ ಹೇಳಿದಳು. ಸೆಲರಿ ಕಟ್ಟು ಬಾಡಿದ್ದರೆ ಪಕ್ಕಕ್ಕಿಟ್ಟು ಬೇರೆ ಎತ್ತಿಕೊಳ್ಳುತ್ತಿದ್ದಳು. ಸರಸ್ವತಿ ಪೂಜೆಯ ದಿನ ಪುಸ್ತಕದ ಮೇಲಿಡುವ ಹೂವನ್ನು ಅಮ್ಮ ಹೀಗೇ ಆರಿಸುತ್ತಿದ್ದಳು.

ನಾವು ಹೋದದ್ದು ವಾನ್‌ಹುವಾದ ಲುಂಗ್‌ಶಾನ್ ದೇವಸ್ಥಾನಕ್ಕೆ. ತೈಪೆಯ ಅತಿ ಹಳೆಯ ಬಡಾವಣೆ ಅದು. ಚೀನಾದ ಫುಜಿಯಾನ್‌ನಿಂದ ಸಮುದ್ರ ದಾಟಿ ಬಂದವರು 1738ರಲ್ಲಿ ಇದನ್ನು ಕಟ್ಟಿದರು. ಮುಖ್ಯ ದೇವತೆ ಗ್ವಾನ್‌ಯಿನ್, ಅಂದರೆ ನಮ್ಮ ಅವಲೋಕಿತೇಶ್ವರ. ಬೌದ್ಧ ಧರ್ಮದ ಜೊತೆ ಭಾರತದಿಂದ ಚೀನಾಕ್ಕೆ ಹೋಗಿ, ಅಲ್ಲಿ ಹೆಣ್ಣಿನ ರೂಪ ತಾಳಿ, ಅಲ್ಲಿಂದ ತೈವಾನಿಗೆ ಬಂದ ದೇವತೆ. ಆ ಹೆಸರಿಗೆ 'ಲೋಕದ ದನಿ ಕೇಳಿಸಿಕೊಳ್ಳುವವಳು' ಅಂತ ಅರ್ಥ. 1945ರ ಬಾಂಬ್ ದಾಳಿಯಲ್ಲಿ ಮುಖ್ಯ ಮಂಟಪ ಸುಟ್ಟುಹೋದರೂ ಅವಳ ವಿಗ್ರಹ ಉಳಿಯಿತು. ಇದನ್ನು ಹೇಳುವಾಗ ಶ್ಯೂಜಿಯೆಯ ದನಿ ತಗ್ಗಿತು.

ಬಲಗಡೆಯ ಬಾಗಿಲಿಂದ ಒಳಗೆ ಹೋದೆವು. ಹೊಸ್ತಿಲು ತುಳಿಯಬಾರದು ಅಂತ ಅವಳು ಹೇಳುವ ಮೊದಲೇ ನಾನು ದಾಟಿದ್ದೆ. ಅದು ನಮಗೂ ಗೊತ್ತಿರುವುದೇ, ಅಲ್ವಾ. 2020ರಿಂದ ಇಲ್ಲಿ ಊದಿನಕಡ್ಡಿ ಹಚ್ಚುವುದಿಲ್ಲ. ಬರಿಗೈ ಜೋಡಿಸಿ ನಮಸ್ಕಾರ ಮಾಡುವುದು, ಅಷ್ಟೇ. ವೆನ್‌ಚಾಂಗ್ ಇರುವುದು ಹಿಂದಿನ ಮಂಟಪದಲ್ಲಿ. ಮೇಜಿನ ತುಂಬ ಹಸಿರು. ಅದರ ನಡುನಡುವೆ ಮಕ್ಕಳು ತಂದಿಟ್ಟ ಪ್ರವೇಶ ಪತ್ರದ ಜೆರಾಕ್ಸ್ ಪ್ರತಿಗಳು. ಒಬ್ಬ ತಾಯಿ ಮಗನ ಪ್ರವೇಶ ಪತ್ರವನ್ನು ಎರಡು ಕೈಯಲ್ಲಿ ಹಿಡಿದು ಕಣ್ಣುಮುಚ್ಚಿ ನಿಂತಿದ್ದಳು. ಪಕ್ಕದಲ್ಲಿ ಮಗ ಶಾಲೆಯ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಅವಳಿಗಿಂತ ಗಟ್ಟಿಯಾಗಿ ಕಣ್ಣು ಮುಚ್ಚಿದ್ದ. ಅಲ್ಲಿ ನಿಂತಾಗ, ಇಷ್ಟು ತಿಂಗಳು ನಾನೊಬ್ಬಳೇ ಒದ್ದಾಡುತ್ತಿದ್ದೇನೆ ಅಂದುಕೊಂಡಿದ್ದು ಸ್ವಲ್ಪ ಸಡಿಲವಾಯಿತು.

ತರಕಾರಿ ಇಟ್ಟಾಯಿತು. "ಈಗ ಕಡ್ಡಿ ಕೇಳೋಣ" ಅಂದಳು ಶ್ಯೂಜಿಯೆ.

ಕಡ್ಡಿ ಕೇಳುವುದು ಅಂದರೆ ಒಂದು ದೊಡ್ಡ ಕೊಳವೆಯಲ್ಲಿ ನಿಲ್ಲಿಸಿರುವ ಬಿದಿರಿನ ಕಡ್ಡಿಗಳಿಂದ ಒಂದನ್ನು ತೆಗೆಯುವುದು. ಪ್ರತಿ ಕಡ್ಡಿಯ ಮೇಲೂ ಒಂದು ಸಂಖ್ಯೆ ಇರುತ್ತದೆ. ಲುಂಗ್‌ಶಾನ್‌ನಲ್ಲಿ ಇಂಥ 100 ಕಡ್ಡಿಗಳು. ಸಂಖ್ಯೆಗೆ ತಕ್ಕ ಚೀಟಿಯಲ್ಲಿ ನಾಲ್ಕು ಸಾಲಿನ ಪದ್ಯ, ಸಾಲಿಗೆ ಏಳು ಅಕ್ಷರ. ಹಾಂಗ್‌ಕಾಂಗ್‌ನ ವಾಂಗ್ ತಾಯ್ ಸಿನ್ ಗುಡಿಯಲ್ಲಿ ಮಂಡಿಯೂರಿ ಕೊಳವೆಯನ್ನು ಅಲುಗಿಸುತ್ತಾ ಹೋಗುತ್ತಾರೆ. ಯಾವ ಕಡ್ಡಿ ತಾನಾಗಿ ಹೊರಗೆ ಬೀಳುತ್ತದೋ ಅದು ಅವರದು. ತೈವಾನಿನಲ್ಲಿ ನಾನು ನೋಡಿದ ಕಡೆಯೆಲ್ಲ ಕಡ್ಡಿಗಳು ಉದ್ದ, ಕೈಯಲ್ಲೇ ಎತ್ತಿ ತೆಗೆಯುತ್ತಾರೆ. ಆದರೆ ತೆಗೆಯುವ ಮೊದಲು ದೇವರ ಅಪ್ಪಣೆ ಬೇಕು. ತೆಗೆದ ಮೇಲೆ ಅದೇ ಕಡ್ಡಿ ಹೌದಾ ಅಂತಲೂ ಕೇಳಬೇಕು. ಅದಕ್ಕೆ ಇರುವುದು ಪ್ವೇ.

ಪ್ವೇ ಅಂದರೆ ಅರ್ಧಚಂದ್ರದ ಆಕಾರದ ಎರಡು ಮರದ ತುಂಡು, ಕೆಂಪು ಬಣ್ಣದ್ದು. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಎರಡನ್ನೂ ಕೈಯಲ್ಲಿ ಜೋಡಿಸಿ ಹಿಡಿದು, ಹೆಸರು, ಹುಟ್ಟಿದ ದಿನ, ಇರುವ ವಿಳಾಸ ಹೇಳಿ, ಕೇಳಬೇಕಾದ್ದನ್ನು ಕೇಳಿ, ನೆಲಕ್ಕೆ ಬಿಡಬೇಕು. ಒಂದು ಚಪ್ಪಟೆ ಮೇಲಾಗಿ ಒಂದು ಉಬ್ಬು ಮೇಲಾಗಿ ಬಿದ್ದರೆ 'ಸಿಂಗ್ ಪ್ವೇ', ಅಂದರೆ ಹೌದು. ಎರಡೂ ಉಬ್ಬು ಮೇಲಾದರೆ ಇಲ್ಲ. ಎರಡೂ ಚಪ್ಪಟೆ ಮೇಲಾದರೆ 'ಛ್ಯೋ ಪ್ವೇ', ನಗುವ ಪ್ವೇ. ದೇವರು ನಗುತ್ತಿದ್ದಾರೆ ಅಂತ ಅರ್ಥ.

ಹುಟ್ಟಿದ ದಿನ, ವಿಳಾಸ ಅಂದಾಗ ನನಗೆ ನಮ್ಮ ಅರ್ಚನೆಯ ಗೋತ್ರ, ನಕ್ಷತ್ರ, ರಾಶಿ ನೆನಪಾಯಿತು. ಅದಕ್ಕಿಂತ ಜಾಸ್ತಿ ನೆನಪಾದದ್ದು ನಮ್ಮೂರ ಅಮ್ಮನ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವುದು. ದೇವಿಯ ಮೈಮೇಲೆ ಹೂ ಇಟ್ಟು, ಎಲ್ಲರೂ ಉಸಿರು ಬಿಗಿಹಿಡಿದು ಕಾಯುವುದು. ಬಲಗಡೆಯಿಂದ ಬಿದ್ದರೆ ಆಗುತ್ತದೆ, ಎಡಗಡೆಯಿಂದ ಬಿದ್ದರೆ ಬೇಡ. ನನ್ನನ್ನು ಇಂಜಿನಿಯರಿಂಗ್‌ಗೆ ಸೇರಿಸುವ ಮೊದಲು ಅಮ್ಮ ಹಾಗೆ ಕೇಳಿಸಿದ್ದಳು. ಹೂ ಬೀಳಲು ಮುಕ್ಕಾಲು ಗಂಟೆ ಹಿಡಿದಿತ್ತು. ಅಷ್ಟೂ ಹೊತ್ತು ಅಮ್ಮ ರೆಪ್ಪೆ ಮಿಟುಕಿಸಿರಲಿಲ್ಲ.

"ಯಾವ ಭಾಷೆಯಲ್ಲಿ ಕೇಳಲಿ?" ಅಂದೆ.

"ನಿನ್ನ ಭಾಷೆಯಲ್ಲೇ ಕೇಳು. ಲೋಕದ ದನಿ ಕೇಳಿಸಿಕೊಳ್ಳುವವಳು ಅಂದಿದ್ನಲ್ಲ."

ಕನ್ನಡದಲ್ಲೇ ಹೆಸರು ಹೇಳಿದೆ. ಹಾಸ್ಟೆಲ್‌ನ ವಿಳಾಸ ಹೇಳಿದೆ. "ನಾನು ಜನವರಿಯಲ್ಲಿ ಪಾಸಾಗ್ತೀನಾ? ಇದನ್ನು ಕೇಳೋಕೆ ಕಡ್ಡಿ ತೆಗೀಬಹುದಾ?" ಅಂದು ಪ್ವೇ ಬಿಟ್ಟೆ. ಟಕಟಕ ಅಂತ ಕಲ್ಲಿನ ನೆಲದ ಮೇಲೆ ಕುಣಿದು ನಿಂತವು. ಎರಡೂ ಚಪ್ಪಟೆ. ನಗು.

"ಇನ್ನೊಂದು ಸಲ" ಅಂದಳು ಶ್ಯೂಜಿಯೆ. ಮತ್ತೆ ನಗು. ಮೂರನೇ ಸಲ ಕೈ ಬೆವರಿತ್ತು. ಮತ್ತೆ ಎರಡೂ ಚಪ್ಪಟೆ.

ಶ್ಯೂಜಿಯೆ ಬಗ್ಗಿ ತುಂಡುಗಳನ್ನು ಎತ್ತಿ ಅವುಗಳ ಜಾಗದಲ್ಲಿಟ್ಟಳು. "ಇವತ್ತು ಬೇಡ. ಮನೆಗೆ ಹೋಗೋಣ" ಅಂದಳು.

ನನಗೆ ಗಂಟಲು ಕಟ್ಟಿತ್ತು. ಮೆಟ್ರೋದಲ್ಲಿ ಕೂತು ಲೆಕ್ಕ ಹಾಕಿದೆ, ಅಭ್ಯಾಸ ಬಲ. ತುಂಡು ಎರಡು ಕಡೆಗೂ ಸಮನಾಗಿ ಬೀಳುತ್ತದೆ ಅಂದುಕೊಂಡರೆ ನಗು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸತತ ಮೂರು ಸಲ ಬರುವುದು 64ರಲ್ಲಿ ಒಂದು. ಅಪರೂಪ ಹೌದು, ಆಗದ ಮಾತೇನಲ್ಲ. ಲೆಕ್ಕ ಸರಿಯಾಗಿಯೇ ಇತ್ತು, ಸಮಾಧಾನ ಮಾತ್ರ ಆಗಲಿಲ್ಲ. "ದೇವರು ಯಾಕೆ ನಕ್ಕಿದ್ದು? ಫೇಲಾಗ್ತೀನಿ ಅಂತಲಾ?" ಅಂತ ಕೇಳಿಬಿಟ್ಟೆ.

"ಅಲ್ಲಲ್ಲ. 'ಇಲ್ಲ' ಅನ್ನೋದಕ್ಕೆ ಬೇರೆ ಪ್ವೇ ಇದೆಯಲ್ಲ. ನಗು ಬಂದ್ರೆ, ನೀನು ಕೇಳಿದ್ದು ಸರಿಯಾಗಿ ಗೊತ್ತಾಗ್ಲಿಲ್ಲ ಅಂತ. ಇಲ್ಲಾಂದ್ರೆ, ಉತ್ತರ ನಿಂಗೇ ಗೊತ್ತಿದ್ದೂ ಕೇಳ್ತಿದೀಯ ಅಂತ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು. "ಪಾಸಾಗ್ತೀನಾ ಅಂತ ಕೇಳಿದ್ಯಲ್ಲ. ಆಗ್ತೀಯ ಅಂದ್ರೆ ನಾಳೆಯಿಂದ ಏನು ಮಾಡ್ತೀಯ? ಆಗಲ್ಲ ಅಂದ್ರೆ ಏನು ಮಾಡ್ತೀಯ?"

ಎರಡಕ್ಕೂ ನನ್ನ ಹತ್ತಿರ ಒಂದೇ ಉತ್ತರ ಇತ್ತು. ರಾತ್ರಿ ಹನ್ನೊಂದಕ್ಕೆ ಕೂತು ನಾಲ್ಕರ ತನಕ ಓದುತ್ತೇನೆ. ದೇವರು ಏನೇ ಹೇಳಿದರೂ ನಾನು ಬದಲಾಗುವವಳಾಗಿರಲಿಲ್ಲ.

ಡಿಸೆಂಬರ್‌ನಲ್ಲಿ ನಮ್ಮೂರಿಗೆ ಬಾ, ಅಲ್ಲಿ ಕೇಳೋಣ, ಅಷ್ಟರಲ್ಲಿ ಪ್ರಶ್ನೆ ಯೋಚಿಸಿಟ್ಟುಕೋ ಅಂದಳು ಶ್ಯೂಜಿಯೆ. ನಾನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯತೊಡಗಿದೆ. ಎಷ್ಟು ಗಂಟೆ ಓದಬೇಕು? ಇದಕ್ಕೆ ದೇವರು ಬೇಡ. ಯಾವ ಪುಸ್ತಕ ಓದಲಿ? ಇದನ್ನು ಸೀನಿಯರ್‌ಗಳು ಹೇಳುತ್ತಾರೆ. ಊರಿಗೆ ವಾಪಸ್ ಹೋಗಿಬಿಡಲಾ? ಇದನ್ನು ಬರೆದು, ಹೊಡೆದುಹಾಕಿದೆ. ಹೀಗೆ ಬರೆಯುತ್ತಾ ಅಳಿಸುತ್ತಾ ಮೂರು ವಾರ ಹೋಯಿತು. ಕೊನೆಗೆ ಒಂದು ರಾತ್ರಿ ಎರಡು ಗಂಟೆಗೆ ಬರೆದ ಸಾಲು ಇದು: "ಇಷ್ಟು ಓದಿದರೂ ನನಗೆ ಯಾಕೆ ಅರ್ಥವಾಗುತ್ತಿಲ್ಲ?"

ಬರೆದ ತಕ್ಷಣ ಕಣ್ಣು ತುಂಬಿತು. ಯಾಕೆಂದರೆ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ಊರಲ್ಲಿ ನಾನು ಜಾಣೆ. ಎಂಜಿನಿಯರಿಂಗ್‌ನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಲೆಕ್ಕಗಳನ್ನು ಬಾಯಿಪಾಠ ಮಾಡಿ ರ‍್ಯಾಂಕ್ ತೆಗೆದಿದ್ದೆ. ಇಲ್ಲಿನ ಪ್ರಶ್ನೆಗಳು ಹಾಗಿರಲಿಲ್ಲ. "ಈ ದ್ರಾವಣ ತಾನಾಗಿಯೇ ಎರಡು ಭಾಗವಾಗಿ ಒಡೆಯುತ್ತದೆ, ಯಾಕೆ, ಹೇಳು" ಅಂತ ಕೇಳುತ್ತಿದ್ದರು. ಸೂತ್ರ ಬರೆಯಲು ಬರುತ್ತಿತ್ತು, ಯಾಕೆ ಅಂತ ಹೇಳಲು ಬರುತ್ತಿರಲಿಲ್ಲ.

ಶ್ಯೂಜಿಯೆಯ ಊರು ಚಾಂಗ್‌ಹುವಾ ಜಿಲ್ಲೆಯಲ್ಲಿದೆ. ಕ್ರಿಸ್‌ಮಸ್‌ಗೆ ಒಂದು ವಾರ ಮುಂಚೆ ರೈಲಿನಲ್ಲಿ ಹೋದೆವು. ಭತ್ತದ ಎರಡನೇ ಬೆಳೆ ಕೊಯ್ದು ಗದ್ದೆಗಳಲ್ಲಿ ಬರೀ ಕೂಳೆ ನಿಂತಿತ್ತು. ಮನೆಬಾಗಿಲಲ್ಲಿ ಅವಳ ಅಜ್ಜಿ ಕಾಯುತ್ತಿದ್ದರು. ತೈವಾನಿ ಮಾತಿನಲ್ಲಿ ಅಜ್ಜಿಗೆ 'ಅಮಾ' ಅನ್ನುತ್ತಾರೆ. ಶ್ಯೂಜಿಯೆ ದೂರದಿಂದಲೇ "ಅಮಾ!" ಅಂತ ಕೂಗಿದಾಗ ನನಗೆ ಮೈ ಜುಂ ಅಂದಿತು.

ಊಟ ಮುಗಿಸಿ ಅಮಾ ನಮ್ಮನ್ನು ಮಾತ್ಸು ಗುಡಿಗೆ ಕರೆದುಕೊಂಡು ಹೋದರು. ಮಾತ್ಸು ಸಮುದ್ರದ ದೇವತೆ. ಸಾವಿರ ವರ್ಷದ ಹಿಂದೆ ಫುಜಿಯಾನ್ ತೀರದ ಮೇಯ್‌ಜೌ ದ್ವೀಪದಲ್ಲಿ ಮೀನುಗಾರರ ನಡುವೆ ಬೆಳೆದ ಹುಡುಗಿ ಅನ್ನುತ್ತಾರೆ. ಸಮುದ್ರ ದಾಟಿ ತೈವಾನಿಗೆ ಬಂದವರು ದೋಣಿಯಲ್ಲಿ ಅವಳನ್ನೇ ಇಟ್ಟುಕೊಂಡು ಬಂದರು. ಗುಡಿ ಚಿಕ್ಕದು. ಕಟ್ಟೆಯ ಮೇಲೆ ಇಬ್ಬರು ಮುದುಕರು ಚಹಾ ಕುಡಿಯುತ್ತಿದ್ದರು. ಇಲ್ಲಿ ಊದಿನಕಡ್ಡಿ ಹಚ್ಚುತ್ತಾರೆ, ಹೊಗೆಗೆ ಮಾತ್ಸುವಿನ ಮುಖ ಕಪ್ಪಾಗಿತ್ತು.

ಇಲ್ಲಿ ಕಡ್ಡಿಗಳು 60. ನಮ್ಮ ಪ್ರಭವ, ವಿಭವ ಅಂತ 60 ಸಂವತ್ಸರ ಇರುವ ಹಾಗೆ ಚೀನೀ ಪಂಚಾಂಗದಲ್ಲೂ 60ರ ಸುತ್ತು ಇದೆ. ಆ ಸುತ್ತಿನ ಒಂದೊಂದು ಹೆಸರಿಗೆ ಒಂದೊಂದು ಪದ್ಯ. ತೈವಾನಿನ ಬಹಳ ಮಾತ್ಸು ಗುಡಿಗಳಲ್ಲಿ ಇರುವುದು ಇದೇ 60 ಪದ್ಯಗಳು. ಅಮಾ ಶಾಲೆಗೆ ಹೋದದ್ದು ಕಡಿಮೆ, ಆದರೆ ಇವುಗಳಲ್ಲಿ ಅರ್ಧದಷ್ಟು ಅವರಿಗೆ ಬಾಯಿಗೆ ಬರುತ್ತಿತ್ತು. ನಡೆಯುತ್ತಾ ಮೊದಲನೆಯದನ್ನು ಹೇಳಿದರು. ಸೂರ್ಯ ಬಂದ, ಗಾಳಿ ಮೋಡ ಚದುರಿತು, ಬೆಳಕು ಲೋಕಕ್ಕೆಲ್ಲ ಬಿತ್ತು ಅಂತ ಶುರುವಾಗುತ್ತದೆ ಅದು.

ಮಂಡಿಯೂರಿದೆ. ಹೆಸರು, ದಿನ, ವಿಳಾಸ. ಈ ಸಲ ತೀರ್ಥಹಳ್ಳಿ ಮನೆಯ ವಿಳಾಸವನ್ನೂ ಸೇರಿಸಿದೆ. ಆಮೇಲೆ ಪ್ರಶ್ನೆ. ಪ್ವೇ ಬಿಟ್ಟೆ. ಒಂದು ಚಪ್ಪಟೆ, ಒಂದು ಉಬ್ಬು. ಕಡ್ಡಿ ತೆಗೆಯಬಹುದು.

ಎರಡು ಕೈಯಿಂದ ಕಡ್ಡಿಗಳ ಕಂತೆಯನ್ನು ಎತ್ತಿ, ಕೊಳವೆಯೊಳಗೆ ಬಿಟ್ಟು, ಯಾವುದು ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೋ ಅದನ್ನು ತೆಗೆಯಬೇಕು. ತೆಗೆದೆ, 43 ಬಂತು. ಇದೇನಾ ಅಂತ ಮತ್ತೆ ಪ್ವೇ. ಸತತ ಮೂರು ಸಲ ಸಿಂಗ್ ಪ್ವೇ ಬಂದರೆ ಮಾತ್ರ ಆ ಕಡ್ಡಿ ನಮ್ಮದು. ಮೊದಲನೇ ಸಲ ಬಂತು, ಎರಡನೇ ಸಲ ಇಲ್ಲ. ಕಡ್ಡಿ ವಾಪಸ್. ಮತ್ತೆ ತೆಗೆದೆ, 27. ಮೊದಲ ಏಟಿಗೇ ಇಲ್ಲ. ಸಾಧ್ಯತೆ ಎಂಟರಲ್ಲಿ ಒಂದು ಅಂತ ಮನಸ್ಸು ಲೆಕ್ಕ ಹಾಕಿತ್ತು, ಹಾಗಾಗಿ ಅವಸರ ಮಾಡಲಿಲ್ಲ. ಹಬ್ಬದ ದಿನಗಳಲ್ಲಿ ಕೆಲವರು ಅರ್ಧ ಗಂಟೆ ಕೂತೇ ಇರುತ್ತಾರೆ ಅಂತ ಅಮಾ ಹೇಳಿದರು. ಪ್ರತಿ ಸಲವೂ ಪ್ರಶ್ನೆಯನ್ನು ಮೊದಲಿಂದ ಹೇಳಬೇಕು. "ಇಷ್ಟು ಓದಿದರೂ ನನಗೆ ಯಾಕೆ ಅರ್ಥವಾಗುತ್ತಿಲ್ಲ?" ಐದಾರು ಸಲ ಹೇಳುವಷ್ಟರಲ್ಲಿ ಅದರಲ್ಲಿದ್ದ ನಾಚಿಕೆ ಹೋಗಿತ್ತು. ಕಾಲು ನೋವು ಯಾಕೆ ಅಂತ ಡಾಕ್ಟರ ಹತ್ತಿರ ಕೇಳಿದಷ್ಟು ಸರಾಗವಾಗಿ ಕೇಳುತ್ತಿದ್ದೆ.

ಮೂರನೇ ಕಡ್ಡಿ 11. ಸಿಂಗ್. ಸಿಂಗ್. ಸಿಂಗ್. ಕಟ್ಟೆಯ ಮೇಲಿದ್ದ ಮುದುಕರು ಚಹಾ ಲೋಟ ಕೆಳಗಿಟ್ಟು ನೋಡುತ್ತಿದ್ದರು.

ಗೋಡೆಯ ಪಕ್ಕ ಪುಟ್ಟ ಪುಟ್ಟ ಖಾನೆಗಳ ಮರದ ಪೆಟ್ಟಿಗೆ. 11ನೇ ಖಾನೆಯಿಂದ ಅಮಾ ಚೀಟಿ ತೆಗೆದರು. ನಡುವೆ ಪದ್ಯ, ಅದರ ಸುತ್ತ ಸಣ್ಣ ಅಕ್ಷರಗಳಲ್ಲಿ ವ್ಯಾಪಾರ, ಮದುವೆ, ಕಾಯಿಲೆ, ಕಳೆದ ವಸ್ತು ಅಂತ ಒಂದೊಂದಕ್ಕೂ ಎರಡು ಮಾತು. ಓದಿಗೆ ಅಲ್ಲಿ ಬರೆದಿರುವುದು 'ಗೋಂಗ್‌ಮಿಂಗ್' ಅಂತ, ಹಳೆಯ ಪರೀಕ್ಷೆ ಗೆದ್ದು ಗಳಿಸುತ್ತಿದ್ದ ಹೆಸರು ಅದು. ಪರೀಕ್ಷೆ ನಿಂತು ನೂರು ವರ್ಷದ ಮೇಲಾದರೂ ಆ ಪದ ಚೀಟಿಯ ಮೇಲೆ ಉಳಿದಿದೆ.

ಚೀಟಿ ಓದಿ ಅರ್ಥ ಹೇಳುವುದು ಗುಡಿ ನೋಡಿಕೊಳ್ಳುವ ಅಜ್ಜನ ಕೆಲಸ. 'ಮ್ಯಾವ್‌ಗೋಂಗ್' ಅನ್ನುತ್ತಾರೆ. ಕನ್ನಡಕ ಹಾಕಿಕೊಂಡು ಅವರು ನಿಧಾನವಾಗಿ ಓದಿದರು. ಶ್ಯೂಜಿಯೆ ಒಂದೊಂದೇ ಸಾಲು ಬಿಡಿಸಿ ಹೇಳಿದಳು. ನಾನು ಅದನ್ನು ಅಲ್ಲೇ ಕನ್ನಡದಲ್ಲಿ ಬರೆದುಕೊಂಡೆ.

ಕೋಳಿ ಮೆಲ್ಲಮೆಲ್ಲಗೆ ಬೆಳಗನ್ನು ಕಾಣುತ್ತದೆ.
ಯಾವುದಕ್ಕೂ ತ್ಸು, ಚೌ, ಯಿನ್ ಹೊತ್ತನ್ನು ನೋಡು.
ಮೋಡ ಸರಿದು ಚಂದ್ರ ಬಂದು ಲೋಕ ಬೆಳಗುತ್ತಾನೆ.
ಆಗ ನಿನಗೆ ನೆಮ್ಮದಿ ಕಾಣುತ್ತದೆ.

ಪದ್ಯದಲ್ಲಿ ಕೋಳಿ ಬಂದದ್ದಕ್ಕೂ ಕಾರಣ ಇದೆ. 60ರ ಸುತ್ತಿನಲ್ಲಿ ಈ ಚೀಟಿಗೆ ಸಿಕ್ಕಿರುವ ಹೆಸರಿನಲ್ಲೇ ಕೋಳಿ ಇದೆ. ತ್ಸು, ಚೌ, ಯಿನ್ ಅನ್ನುವುದು ಹಳೆಯ ಚೀನೀ ಲೆಕ್ಕದ ಹೊತ್ತುಗಳು. ದಿನಕ್ಕೆ ಹನ್ನೆರಡು ಹೊತ್ತು, ಒಂದೊಂದೂ ಎರಡೆರಡು ಗಂಟೆ. ಈ ಮೂರೂ ಸೇರಿದರೆ ರಾತ್ರಿ ಹನ್ನೊಂದರಿಂದ ಬೆಳಗಿನ ಐದರ ತನಕ.

ಅಜ್ಜ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹನ್ನೊಂದರಿಂದ ಐದರ ತನಕ ನೀನು ಏನು ಮಾಡ್ತೀಯಮ್ಮ?"

ನಾನು ಏನೂ ಹೇಳಲಿಲ್ಲ. ಶ್ಯೂಜಿಯೆಯೇ ಹೇಳಿದಳು, "ಓದ್ತಾಳೆ. ದಿನಾ."

"ಓದಿ?"

"ಬೆಳಿಗ್ಗೆ ನಿದ್ದೆ. ಕ್ಲಾಸಲ್ಲೂ ನಿದ್ದೆ."

ಅಜ್ಜ ತಲೆಯಾಡಿಸಿದರು. "ಆ ಮೂರು ಹೊತ್ತು ಕೋಳಿ ಕೂಗಲ್ಲ. ಮಲಗಿರುತ್ತೆ. ಬೆಳಕು ಬಂದಾಗ ಅದಕ್ಕೇ ಮೊದಲು ಗೊತ್ತಾಗುತ್ತೆ." ಇನ್ನೊಂದು ಅರ್ಥವನ್ನೂ ಹೇಳಿದರು. ಅದೇ ಹೆಸರುಗಳು ತಿಂಗಳುಗಳಿಗೂ ಇವೆಯಂತೆ. ಹಾಗೆ ನೋಡಿದರೆ ಅವು ಚಾಂದ್ರಮಾನದ ಹನ್ನೊಂದನೇ, ಹನ್ನೆರಡನೇ, ಒಂದನೇ ತಿಂಗಳು. "ಪರೀಕ್ಷೆ ಯಾವಾಗ?" ಅಂದರು. ಜನವರಿ ಮೂರನೇ ವಾರ ಅಂದೆ. ಗೋಡೆಯ ಕ್ಯಾಲೆಂಡರ್ ಮಗುಚಿ ನೋಡಿ, ಹನ್ನೆರಡನೇ ತಿಂಗಳಲ್ಲೇ ಬರುತ್ತದೆ ಅಂದರು. ಪಾಸಾಗುತ್ತೀಯ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. "ಮೆಲ್ಲಮೆಲ್ಲಗೆ ಅಂತಿದೆ ನೋಡು. ಒಂದೇ ಸಲಕ್ಕೆ ಬೆಳಗಾಗಲ್ಲ. ಗೊತ್ತಿಲ್ಲದ್ದನ್ನ ಗೊತ್ತಿರೋರ ಹತ್ರ ಕೇಳು" ಅಂದು ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟರು.

ಕಡ್ಡಿಯಲ್ಲಿ ದೇವರು ಮಾತಾಡುತ್ತಾರಾ ಅಂತ ಗೆಳೆಯರು ಆಮೇಲೆ ನನ್ನನ್ನು ಕೇಳಿದ್ದಾರೆ. ನನಗೆ ಗೊತ್ತಿರುವುದು ಇಷ್ಟು. ನಾನು ಹೇಗೆ ಓದುತ್ತೇನೆ ಅಂತ ಅಲ್ಲಿಯ ತನಕ ಒಬ್ಬರೂ ಕೇಳಿರಲಿಲ್ಲ. ಎಷ್ಟು ಓದುತ್ತೇನೆ ಅಂತ ಕೇಳುತ್ತಿದ್ದರು. ಆ ಗುಡಿಯಲ್ಲಿ, ಮಂಡಿ ನೋಯುತ್ತಾ, ನಾನೇ ಬಾಯಿಬಿಟ್ಟು ಕೇಳಿದ ಪ್ರಶ್ನೆಗೆ ಒಬ್ಬರು ಕೂತು ತಾಳ್ಮೆಯಿಂದ ಉತ್ತರ ಹುಡುಕಿದರು. ಅದಕ್ಕೆ ನಾನು ಮಾತ್ಸುವಿಗೆ ಋಣಿ, ಮನಸಾರೆ ಹೇಳುತ್ತೇನೆ.

ಸೋಮವಾರ ಗೈಡ್ ಹತ್ತಿರ ಹೋಗಿ, "ಸರ್, ನನಗೆ ಕೆಮಿಕಲ್ ಪೊಟೆನ್ಶಿಯಲ್ ಅಂದರೆ ಏನು ಅಂತಲೇ ಗೊತ್ತಿಲ್ಲ" ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕಪಾಟಿನಿಂದ ಡಿಗ್ರಿ ಮಕ್ಕಳು ಓದುವ ಪುಸ್ತಕ ತೆಗೆದರು. ಬಿಳಿ ಹಲಗೆಯ ಮೇಲೆ ಒಂದು ಲೋಟದ ಚಿತ್ರ ಬರೆದು, "ಇದಕ್ಕೆ ಒಂದು ಹರಳು ಉಪ್ಪು ಹಾಕ್ತೀನಿ. ಉಪ್ಪು ಯಾಕೆ ಕರಗಬೇಕು? ಸೂತ್ರ ಬೇಡ, ಮಾತಲ್ಲಿ ಹೇಳು" ಅಂದರು. ಅವತ್ತು ನನ್ನಿಂದ ಆಗಲಿಲ್ಲ. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಅದೇ ಲೋಟ. ರಾತ್ರಿ ಅಮ್ಮನ ಫೋನ್ ಮುಗಿದ ಕೂಡಲೇ ಮಲಗಿ ಐದಕ್ಕೆ ಏಳುವುದನ್ನು ರೂಢಿ ಮಾಡಿಕೊಂಡೆ. ಮೊದಲ ವಾರ ಕಷ್ಟವಾಯಿತು. ಕತ್ತಲಲ್ಲಿ ಎದ್ದು ಬಿಸಿನೀರು ಕುಡಿದು ಕೂತರೆ ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಆದರೆ ಓದಿದ ಪುಟ ಸಂಜೆಗೂ ನೆನಪಿರುತ್ತಿತ್ತು. ಡಿಸೆಂಬರ್ ಕೊನೆಯ ವಾರದ ಒಂದು ಬೆಳಿಗ್ಗೆ, ಆ ಉಪ್ಪಿನ ಹರಳು ಯಾಕೆ ಕರಗುತ್ತದೆ ಅಂತ ನನಗೆ ನಾನೇ ಕನ್ನಡದಲ್ಲಿ ಜೋರಾಗಿ ಹೇಳಿಕೊಂಡೆ. ಪಕ್ಕದ ಹಾಸಿಗೆಯ ವಿಯೆಟ್ನಾಂ ಹುಡುಗಿ ಎದ್ದು ಕೂತಳು.

ಅಮ್ಮನಿಗೂ ಹೇಳಿದೆ, ಜೂನ್‌ನಲ್ಲಿ ಫೇಲಾದದ್ದು, ಲುಂಗ್‌ಶಾನ್, ಕಡ್ಡಿ, ಎಲ್ಲ. ಅಮ್ಮ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಒಂದೇ. "ಆ ಅಮ್ಮನಿಗೆ ಯಾವ ಹೂ ಇಷ್ಟ ಅಂತ ಕೇಳಿದ್ಯಾ?"

ಜನವರಿ 18ರಂದು ಪರೀಕ್ಷೆ ಬರೆದೆ. ಪಾಸಾದೆ. ನಂಬರ್ ಬಹಳ ದೊಡ್ಡದೇನಲ್ಲ.

ಚೀನೀ ಹೊಸವರ್ಷ ಕಳೆದು ಮಾರ್ಚ್‌ನಲ್ಲಿ ಮತ್ತೆ ಚಾಂಗ್‌ಹುವಾಗೆ ಹೋದೆವು. ಕೇಳಿದ್ದು ಸಿಕ್ಕ ಮೇಲೆ ಬಂದು ಹೇಳಿ ಹೋಗಬೇಕು, ಹರಕೆ ತೀರಿಸಿದ ಹಾಗೆ. ಗದ್ದೆಗಳಲ್ಲಿ ಆಗಷ್ಟೇ ನಾಟಿಯಾಗಿತ್ತು, ನೀರಿನ ಮೇಲೆ ಸಾಲುಸಾಲು ಹಸಿರು. ಅಮ್ಮ ಹೇಳಿದ್ದಳು ಅಂತ ಹೂ ತಂದಿದ್ದೆ, ಬಿಳಿ ಸೇವಂತಿಗೆ. ಅದನ್ನು ಕಂಡ ಕೂಡಲೇ ಅಮಾ ನನ್ನ ಕೈ ಹಿಡಿದು ನಿಲ್ಲಿಸಿದರು. ಅಲ್ಲಿ ಬಿಳಿ ಸೇವಂತಿಗೆ ಸಾವಿನ ಮನೆಗೆ ಒಯ್ಯುವ ಹೂ. ಗುಡಿಯ ಪಕ್ಕದ ಅಂಗಡಿಯಿಂದ ಹಣ್ಣು ಕೊಂಡು ಇಟ್ಟೆ.

ಮಂಡಿಯೂರಿ ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ. ಗೈಡ್‌ನ ಲೋಟ, ಉಪ್ಪು, ಐದು ಗಂಟೆಯ ಅಲಾರಂ. ಆಮೇಲೆ ಅಮಾ ಪ್ವೇ ಕೈಗಿತ್ತು, "ಸಿಕ್ಕಿತಾ ಅಂತ ಕೇಳು" ಅಂದರು. ಬಿಟ್ಟೆ. ಎರಡೂ ಚಪ್ಪಟೆ ಮೇಲಾಗಿ ಬಿದ್ದವು.

ನನ್ನ ಎದೆ ಧಸಕ್ಕೆಂದಿತು. ಅಮಾ ಬಾಯ್ತುಂಬ ನಗುತ್ತಿದ್ದರು. "ಖುಷಿಗೆ ನಗ್ತಿದಾಳೆ. ಇನ್ನೊಂದು ಸಲ ಹಾಕು."

ತುಂಡುಗಳನ್ನು ಎತ್ತಿಕೊಂಡೆ. ಇನ್ನೊಂದು ಸಲ ಹಾಕಿದೆ.